ಅಣ್ಣ ಕಾಯ್ದ ಬೆಂಕಿ

ಫೆಬ್ರವರಿ 4

ಇನ್ನು ಮೇಲೆ ಬರೆದಿಡೋಣವೆಂದುಕೊಂಡಿದ್ದೇನೆ. ಮಾತಾಡಲು ಜನರಿಲ್ಲವೆಂದಲ್ಲ. ಔಷಧಿ ಅಂಗಡಿ ನಡೆಸುವವಳಿಗೆ ಬಾಯಿ ಬಿಗಿಹಿಡಿಯುವುದೇ ಬಂಡವಾಳ. ಯಾರಿಗೆ ಮೂಲವ್ಯಾಧಿ, ಯಾರಿಗೆ ನಿದ್ದೆ ಬರುವುದಿಲ್ಲ ಎಂಬುದೆಲ್ಲ ನನ್ನ ಹೊಟ್ಟೆಯಲ್ಲೇ ಇರಬೇಕು. ಆ ರೂಢಿಯಿಂದ ನನ್ನ ಸ್ವಂತ ಮಾತೂ ಈಗೀಗ ಹೊರಗೆ ಬರುವುದಿಲ್ಲ.

ಇವತ್ತು ಪಕ್ಷದ ಕಚೇರಿಯಲ್ಲಿ ಸಭೆ ಇತ್ತು. ಊರಂಚಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪರವಾನಗಿ ಈ ವರ್ಷ ಮುಗಿಯುತ್ತದೆ. ಇನ್ನಿಪ್ಪತ್ತು ವರ್ಷ ನಡೆಸಲು ನಗರಸಭೆ ಒಪ್ಪಬೇಕಂತೆ. ಪಕ್ಷದ ಅಧ್ಯಕ್ಷರಾದ ನಮ್ಮ ವಕೀಲರು ಕನ್ನಡಕ ತೆಗೆದು ಒರೆಸುತ್ತ, "ಇದರಲ್ಲಿ ಚರ್ಚೆ ಮಾಡೋದೇನಿದೆ? ಮುಂದಿನ ವಿಷಯ ತಗೊಳ್ಳಿ" ಎಂದರು. ನಾನು ಕೈ ಎತ್ತಿದೆ. ಎರಡು ಅವಧಿಯಿಂದ ನಗರಸಭೆಯಲ್ಲಿದ್ದೇನೆ, ಪಕ್ಷದ ಸಭೆಯಲ್ಲಿ ಕೈ ಎತ್ತಿದ್ದು ಹೆಚ್ಚಾಗಿ ಚಹಾ ಬೇಕೋ ಬೇಡವೋ ಎಂದು ಕೇಳಿದಾಗ.

"ಸರ್, ನಮ್ಮ ಪಕ್ಷದ ಮೊದಲನೇ ಮಾತು ಏನು? ಕೈಗೆ ಬಂದದ್ದನ್ನ ಕೆಡಿಸದೆ ಮುಂದಿನವರಿಗೆ ಒಪ್ಪಿಸಬೇಕು ಅನ್ನೋದು ತಾನೇ? ಏನು ಒಪ್ಪಿಸ್ತೀವಿ, ಬೂದಿಹೊಂಡಾನಾ?"

"ಮೇಡಂ ಎದುರು ಪಕ್ಷದವರ ಔಷಧಿ ಕುಡಿದಿರೋ ಹಾಗಿದೆ" ಎಂದು ಯಾರೋ ಹೇಳಿ ಎಲ್ಲರೂ ನಕ್ಕರು. ನಮ್ಮ ವಕೀಲರು ನಗಲಿಲ್ಲ. ನನ್ನನ್ನು ಕೈಹಿಡಿದು ರಾಜಕೀಯಕ್ಕೆ ತಂದವರು ಅವರು. "ಬರ್ಕೊಂಡು ಬಾಮ್ಮ, ನೋಡೋಣ" ಎಂದರು. ಅಷ್ಟೇ ಸಾಕು. ಅವರು ಓದಿದರೆ ಒಪ್ಪುತ್ತಾರೆ. ನಮ್ಮ ತತ್ವದಿಂದಲೇ ಹೊರಟ ಮಾತಿಗೆ ನಮ್ಮವರು ಇಲ್ಲವೆನ್ನಲು ಹೇಗೆ ಸಾಧ್ಯ?

ಫೆಬ್ರವರಿ 9

ಬರವಣಿಗೆ ಚೆನ್ನಾಗಿ ಬರುತ್ತಿದೆ. ಐದು ವರ್ಷಕ್ಕೆ ಮಾತ್ರ ಪರವಾನಗಿ ಕೊಡಿ, ಅಷ್ಟರಲ್ಲಿ ಒಂದೊಂದೇ ಬಾಯ್ಲರ್ ಆರಿಸಿ, ಅದೇ ಜಾಗದಲ್ಲಿ ಸೌರ ವಿದ್ಯುತ್ ಕಟ್ಟಿ, ಅದೇ ಕಾರ್ಮಿಕರಿಗೆ ಅಲ್ಲೇ ಕೆಲಸ ಕೊಡಿ. ಇದರಲ್ಲಿ ಕ್ರಾಂತಿ ಎಲ್ಲಿದೆ? ನಾವು ಮಾಡಿದ ಕಸ ನಾವೇ ಎತ್ತುವುದು, ನಮ್ಮ ಚಾವಣಿಯ ಮೇಲೆ ನಮ್ಮ ಕರೆಂಟು ಮಾಡಿಕೊಂಡು ಯಾರ ಹಂಗಿನಲ್ಲೂ ಇಲ್ಲದಿರುವುದು. ಇದಕ್ಕಿಂತ ಹಳೇ ಕಾಲದ ಮಾತು ಇನ್ನೊಂದಿಲ್ಲ.

ಪುಸ್ತಕ ಓದಿ ಹುಟ್ಟಿದ ಯೋಚನೆಯಲ್ಲ ಇದು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದು ಬಣ್ಣಕ್ಕೆ ತಿರುಗುವ ಊರು ಇದು. ಮೊದಲು ಮುದುಕರಿಗೆ ಕೊಡುತ್ತಿದ್ದ ಇನ್ಹೇಲರನ್ನು ಈಗ ಸಮವಸ್ತ್ರ ಹಾಕಿದ ಮಕ್ಕಳಿಗೂ ಕೊಡುತ್ತಿದ್ದೇನೆ.

ಅಣ್ಣನಿಗೆ ಇನ್ನೂ ಹೇಳಿಲ್ಲ. ಅವನು ಆ ಸ್ಥಾವರದಲ್ಲೇ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು. ಅಪ್ಪ ಅಮ್ಮ ಇಬ್ಬರೂ ಹೋದಾಗ ನಾನು ಲಂಗ ತೊಡುವ ಹುಡುಗಿ, ಅವನಿಗೆ ಆಗಷ್ಟೇ ಮೀಸೆ ಬಂದಿತ್ತು. ಆಗಲೇ ಪ್ಲಾಂಟಿಗೆ ಸೇರಿದ. ಅವನೂ ಅತ್ತಿಗೆಯೂ ನನ್ನನ್ನೇ ಮಗಳೆಂದುಕೊಂಡು ಸಾಕಿದರು. ಈಗಲೂ ಮೂವರೂ ಒಂದೇ ಸೂರಿನ ಕೆಳಗೆ. ತಲೆ ನರೆತ ನನ್ನನ್ನು ಅವನು ಈಗಲೂ ಕರೆಯುವುದು ಪುಟ್ಟಿ ಎಂದೇ.

ದಮ್ಮು ಸ್ವಲ್ಪ ಜಾಸ್ತಿಯಾಗಿದೆ ಅವನಿಗೆ. ಹವೆ ಬದಲಾಗುವಾಗ ಹೀಗೇ. ಆಕ್ಸಿಜನ್ ಮಿಷನ್ನನ್ನು ಒಂದು ಗೆರೆ ಮೇಲಕ್ಕೆ ಏರಿಸಿದ್ದೇನೆ.

ಫೆಬ್ರವರಿ 17

ಚೀಲದಮ್ಮ ಅಂಗಡಿಗೆ ಬಂದಿದ್ದಳು. ಎದುರು ಪಕ್ಷದ ಸದಸ್ಯೆ, ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. ಬಟ್ಟೆಯ ಚೀಲ ಹೆಗಲಿಗಿಲ್ಲದೆ ಅವಳನ್ನು ನೋಡಿದವರಿಲ್ಲ. ಮಾತ್ರೆ ಹಾಕಿಕೊಡುವ ಸಣ್ಣ ಕಾಗದದ ಪೊಟ್ಟಣವನ್ನೂ ಬೇಡವೆಂದು ಅಂಗೈ ಚಾಚುತ್ತಾಳೆ.

"ನಿಮ್ಮ ಸಭೇಲಿ ನೀವು ಮಾತಾಡಿದ್ದು ಗೊತ್ತಾಯ್ತು ಮೇಡಂ. ನಾವು ನಿಮ್ಮ ಜೊತೆ ಇದ್ದೀವಿ."

"ದಯವಿಟ್ಟು ಇರಬೇಡಿ" ಎಂದೆ. "ನೀವು ಜೊತೆಗಿದ್ದೀರಿ ಅಂತ ಗೊತ್ತಾದ್ರೆ ನಮ್ಮೋರು ಒಬ್ಬರೂ ಇರಲ್ಲ."

ಅವಳು ನಕ್ಕಳು. "ಭೂಮಿ ಉಳಿಸೋ ವಿಷಯದಲ್ಲಿ ಪಕ್ಷ ಯಾಕೆ?"

"ಭೂಮಿ ಉಳಿಸೋಕೆ ನಂಗೆ ಪುರುಸೊತ್ತಿಲ್ಲ ಕಣಮ್ಮ. ನನ್ನ ಬೀದಿ ಉಳಿದ್ರೆ ಸಾಕು."

ಉತ್ತರ ಚೆನ್ನಾಗಿತ್ತು ಎಂದು ಇಡೀ ಮಧ್ಯಾಹ್ನ ಒಳಗೊಳಗೇ ಬೀಗಿದೆ.

ಫೆಬ್ರವರಿ 26

ಅಣ್ಣನಿಗೆ ಗೊತ್ತಾಯಿತು. ಹೇಳಿದವನು ಫೋರ್ಮನ್. ಅಣ್ಣನ ಕೈಕೆಳಗೆ ಕೆಲಸ ಕಲಿತ ದಡೂತಿ ಆಸಾಮಿ, ನಮ್ಮ ಪಕ್ಷದವನೇ. ವಾರಕ್ಕೊಮ್ಮೆ ಬಂದು ಅಣ್ಣನ ಜೊತೆ ಇಸ್ಪೀಟಾಡುತ್ತಾನೆ. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಎಲೆಗಳು ಮಂಚದ ಮೇಲೆ ಹಾಗೇ ಚೆಲ್ಲಿದ್ದವು, ಫೋರ್ಮನ್ ಹೊರಟುಹೋಗಿದ್ದ.

"ನಿಜಾನಾ ಪುಟ್ಟಿ?"

"ನಿಜ."

"ನಂಗೆ ಯಾಕೆ ಹೇಳ್ಲಿಲ್ಲ?"

ನಾನು ನನ್ನ ವಾದವನ್ನೆಲ್ಲ ಒಪ್ಪಿಸಿದೆ. ಬರೆದದ್ದು ಬಾಯಿಪಾಠವಾಗಿಬಿಟ್ಟಿದೆ. ಅವನು ಮೂಗಿನ ನಳಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಕೊನೆಯವರೆಗೂ ಕೇಳಿದ. ಆಮೇಲೆ ಮಂಚದ ಪಕ್ಕದ ಮಿಷನ್ನಿನತ್ತ ಕೈ ತೋರಿಸಿದ.

"ಇದು ಯಾವುದರಿಂದ ಓಡ್ತಿದೆ ಹೇಳು."

"ಅಣ್ಣಾ, ನಿನಗೆ ಇದು ಬೇಕಾಗಿದ್ದೂ ಅದರಿಂದಲೇ ಅಲ್ವಾ?"

ಹೇಳಬಾರದಿತ್ತೇನೋ. ಆದರೆ ಸುಳ್ಳಲ್ಲ. ಅಣ್ಣ ಗೋಡೆಯ ಕಡೆ ಹೊರಳಿ ಮಲಗಿದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ನನಗೆ ತಟ್ಟೆ ಇಟ್ಟಳು, ಎಂದಿನಂತೆ ಎದುರು ಕೂರಲಿಲ್ಲ.

ಫೆಬ್ರವರಿ 27

ವಕೀಲರು ಟಿಪ್ಪಣಿ ಓದಿದರಂತೆ. "ಭಾಷೆ ಚೆನ್ನಾಗಿದೆ" ಎಂದರು.

ಮಾರ್ಚ್ 12

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಮಧ್ಯಾಹ್ನ ಇಡೀ ಊರಿನ ಕರೆಂಟು ಹೋಯಿತು. ಅತ್ತಿಗೆಯ ಫೋನು ಬಂತು. ಮಾತಿಲ್ಲ, ಬರೀ "ಬಾ, ಬಾ". ನಾನು ಅಂಗಡಿಯ ಬಾಗಿಲು ಹಾಗೇ ತೆರೆದಿಟ್ಟು ಓಡಿದೆ. ಮನೆಯಲ್ಲಿದ್ದ ಆಕ್ಸಿಜನ್ ಸಿಲಿಂಡರ್ ಇನ್ನೇನು ಮುಗಿಯುವ ಹಂತದಲ್ಲಿತ್ತು, ಹೊಸದು ಸಂಜೆ ಬರಬೇಕಿತ್ತು. ಅಣ್ಣ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು ಕೂತಿದ್ದ. ತುಟಿ ನೀಲಿಗಟ್ಟಿತ್ತು. ಆ ಬಣ್ಣದ ಅರ್ಥ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಏನೂ ಮಾಡಲಾಗದೆ ನಿಂತುಬಿಟ್ಟೆ. ಅತ್ತಿಗೆ ಬೀದಿಗೆ ಹೋಗಿ ಕೂಗಿಕೊಂಡಳು.

ಆ ಕೂಗಿಗೆ ಹಿಂದಿನ ಬೀದಿಯಿಂದ ಓಡಿಬಂದವಳು ಚೀಲದಮ್ಮ. "ನಮ್ಮನೇಲಿ ಕರೆಂಟಿದೆ. ಕುರ್ಚಿ ಸಮೇತ ಎತ್ತಿ!" ಎಂದು ಅವಳೇ ಒಂದು ಕಡೆ ಕೈಹಾಕಿದಳು. ಪಕ್ಕದ ಮನೆಯವರು ಇನ್ನೊಂದು ಕಡೆ. ನಾನು ಮಿಷನ್ನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹಿಂದೆ ಓಡಿದೆ.

ಅವಳ ಮನೆಯ ಪ್ಲಗ್ಗಿಗೆ ಚುಚ್ಚಿದೊಡನೆ ಮಿಷನ್ನು ಗುರ್ರೆಂದಿತು. ಆ ಸದ್ದು ಕೇಳಿ ಅತ್ತಿಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಅಣ್ಣನ ತುಟಿಗೆ ಬಣ್ಣ ಬಂತು. ಮೊದಲು ನೋಡಿದ್ದು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು.

"ಇಲ್ಲಿ ಹೋಗಿಲ್ವಾ ಕರೆಂಟು?"

"ಚಾವಣಿ ಮೇಲೆ ಸೋಲಾರ್ ಇದೆ ಅಣ್ಣಾ, ಬ್ಯಾಟರಿ ಇದೆ."

"ಎಷ್ಟು ಹೊತ್ತು ತಡೆಯುತ್ತೆ?"

"ನಾಳೆ ಬೆಳಗಿನವರೆಗೂ."

ಅಣ್ಣ ಕಣ್ಣುಮುಚ್ಚಿ ಎರಡು ಸಲ ಉದ್ದಕ್ಕೆ ಉಸಿರೆಳೆದುಕೊಂಡ. ಆಮೇಲೆ, "ಎದುರು ಪಕ್ಷದ ಗಾಳಿ ಕುಡೀತಾ ಇದ್ದೀನಿ ಅಂತ ಫೋರ್ಮನ್‌ಗೆ ಮಾತ್ರ ಹೇಳ್ಬೇಡಮ್ಮ" ಎಂದ. ಟೀಚರು ನಗುತ್ತಲೇ ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ನೀರು ತರಲು ಹೋದಳು. ಚೀಲ ಅವಳ ಹೆಗಲಿಗಿರಲಿಲ್ಲ.

ಸ್ಥಾವರದಲ್ಲಿ ಬಾಯ್ಲರಿನ ಕೊಳವೆ ಒಡೆದಿತ್ತಂತೆ.

ಮಾರ್ಚ್ 14

ಡಾಕ್ಟರು ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಇಷ್ಟು ವರ್ಷ ಔಷಧಿ ಮಾರಿದವಳಿಗೆ ಯಾರೂ ವಿವರಿಸಬೇಕಾಗಿಲ್ಲ. ಹವೆಯ ಬದಲಾವಣೆ ಅಲ್ಲ.

ಅತ್ತಿಗೆಗೆ ಹೇಳಿದ್ದೇನೆ. ಅಣ್ಣನಿಗೆ ಯಾರೂ ಹೇಳಿಲ್ಲ. ಅವನೂ ಕೇಳಲಿಲ್ಲ.

ಮಾರ್ಚ್ 29

ನಗರಸಭೆಯಲ್ಲಿ ಇವತ್ತು ಮತಕ್ಕೆ ಹಾಕಿದರು. ಸಾರ್ವಜನಿಕರಿಗೂ ಮಾತಾಡಲು ಅವಕಾಶವಿತ್ತು. ಸ್ಥಾವರದ ಕಾರ್ಮಿಕರು ಗ್ಯಾಲರಿಯಲ್ಲಿ ಕಿಕ್ಕಿರಿದಿದ್ದರು. ನನ್ನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲ ಬಳಿ ಗುಸುಗುಸು ಎದ್ದಿತು. ಫೋರ್ಮನ್ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬರುತ್ತಿದ್ದ. ಕುರ್ಚಿಯಲ್ಲಿ ಅಣ್ಣ. ತೊಡೆಯ ಮೇಲೆ ಸಣ್ಣ ಸಿಲಿಂಡರ್. ಅತ್ತಿಗೆ ಇಸ್ತ್ರಿ ಮಾಡಿಕೊಟ್ಟಿದ್ದ ಅಂಗಿ. ಬೆಳಿಗ್ಗೆ ಆ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಓಡುತ್ತಿದ್ದುದನ್ನು ನೋಡಿದ್ದೆ, ಯಾತಕ್ಕೆಂದು ಕೇಳಿರಲಿಲ್ಲ.

ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು. ಮೊದಲು ಉಸಿರಿನ ಸದ್ದು ಮಾತ್ರ ಕೇಳಿಸಿತು. ಇಡೀ ಸಭಾಂಗಣ ಅದನ್ನು ಕೇಳಿತು.

"ಈ ಊರಲ್ಲಿ ದೀಪ ಉರೀಲಿ ಅಂತ... ನಲವತ್ತು ವರ್ಷ ಬೆಂಕಿ ಕಾದಿದೀನಿ. ಆ ಬೆಂಕೀಲೇ... ನನ್ನ ತಂಗಿ ಓದಿದ್ದು. ಅಲ್ಲಿ ಕೂತಿದ್ದಾಳಲ್ಲ... ಅವಳೇ." ನನ್ನ ಕಡೆ ನೋಡಲಿಲ್ಲ. "ಈಗ ಅದು ಕೆಟ್ಟದು ಅಂತೀರಿ. ಆಗ ನಿಮ್ಮೆಲ್ಲರ ಮನೇಲಿ... ಬೆಳಕು ಚೆನ್ನಾಗಿಯೇ ಇತ್ತಲ್ಲ?"

ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಹೆಸರು ನನ್ನದು.

ಎದ್ದು ನಿಂತೆ. ಮೊದಲ ಸಾಲು ಕಣ್ಣೆದುರಿಗಿತ್ತು. ಎದುರಿನಲ್ಲಿ ಅಣ್ಣ ಚಪ್ಪಾಳೆಯ ನಡುವೆ ಉಸಿರಿಗಾಗಿ ಹೆಣಗುತ್ತಿದ್ದ, ಫೋರ್ಮನ್ ಬಗ್ಗಿ ಸಿಲಿಂಡರಿನ ತಿರುಪನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದ. ನಾನು ನನ್ನ ಜಾಗ ಬಿಟ್ಟು ಹೋಗಿ ತಿರುಪನ್ನು ಸರಿಮಾಡಿದೆ. ವಾಪಸು ಬಂದು, "ನನ್ನ ಮತ ಐದು ವರ್ಷಕ್ಕೆ ಮಾತ್ರ. ಅದನ್ನ ಬದಲಾಯಿಸಲ್ಲ" ಎಂದು ಹೇಳಿ ಕೂತೆ. ಬರೆದದ್ದರಲ್ಲಿ ಒಂದಕ್ಷರವೂ ಓದಲಾಗಲಿಲ್ಲ.

ಸೋತೆವು, ಪರವಾನಗಿ ಇಪ್ಪತ್ತು ವರ್ಷಕ್ಕೇ ಆಯಿತು. ನಮ್ಮ ಪಕ್ಷದ ಸಾಲಿನಲ್ಲಿ ಎದ್ದ ಕೈ ನನ್ನದೊಂದೇ. ಟೀಚರು ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಂತೆ ನನ್ನನ್ನು ನೋಡುತ್ತಿದ್ದಳು.

ಏಪ್ರಿಲ್ 6

ಈ ಸಲದ ನಗರಸಭೆ ಚುನಾವಣೆಗೆ ನನಗೆ ಟಿಕೆಟ್ ಇಲ್ಲ. ವಕೀಲರು ತಾವೇ ಹೇಳಲಿಲ್ಲ, ಗುಮಾಸ್ತರಿಂದ ಹೇಳಿಸಿದರು.

ಸ್ಥಾವರದ ಕಾರ್ಮಿಕರ ಮನೆಯವರು ಯಾರೂ ಅಂಗಡಿಗೆ ಬರುತ್ತಿಲ್ಲ. ಒಬ್ಬಳು ತಾಯಿ ಮಾತ್ರ ಮೂಲೆಯ ಅಂಗಡಿ ಮುಚ್ಚಿದೆಯೆಂದು ಮಗಳ ಜೊತೆ ಬಂದು, ಅವಳಿಗೆ ಇನ್ಹೇಲರ್ ತೆಗೆದುಕೊಂಡು, ಮುಖ ನೋಡದೆ ಹೋದಳು. ಆ ಮಗಳ ಕೆಮ್ಮು ಬೀದಿಯ ತುದಿಯವರೆಗೂ ಕೇಳಿಸಿತು. ಮೊದಲಾಗಿದ್ದರೆ ಇದನ್ನೂ ಒಂದು ವಾದಕ್ಕೆ ಸೇರಿಸಿಕೊಳ್ಳುತ್ತಿದ್ದೆ. ಇವತ್ತು ಸುಮ್ಮನೆ ಬಾಗಿಲಿಗೆ ಬಂದು ನಿಂತು ನೋಡಿದೆ.

ಏಪ್ರಿಲ್ 15

ಈಗ ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬರುತ್ತೇನೆ. ಬೇಸಿಗೆ ರಜೆಯಲ್ಲಿರುವ ಟೀಚರು ಸಂಜೆ ಬಂದು ಅಣ್ಣನಿಗೆ ಪೇಪರ್ ಓದುತ್ತಾಳೆ. ನಮ್ಮ ಪಕ್ಷದ ಸುದ್ದಿಯನ್ನು ಬೇಕೆಂದೇ ಗಟ್ಟಿಯಾಗಿ, ತನ್ನ ಪಕ್ಷದ್ದನ್ನು ಮೆಲ್ಲಗೆ. ಫೋರ್ಮನ್ ಇಸ್ಪೀಟಿಗೆ ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರುತ್ತಾರೆ. ಅಣ್ಣನಿಗೆ ಅದೇ ಒಂದು ಮೋಜು.

ಇವತ್ತು ಯಾರೂ ಇರಲಿಲ್ಲ. ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಅವತ್ತು ನಗರಸಭೇಲಿ ಬೇಜಾರಾಯ್ತಾ ಪುಟ್ಟಿ?"

"ಇಲ್ಲ."

"ಸುಳ್ಳು ಹೇಳೋಕೆ ನಿಂಗೆ ಚಿಕ್ಕವಳಿದ್ದಾಗಲೂ ಬರ್ತಿರಲಿಲ್ಲ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನೀನು ಹೇಳೋದು ಸರಿ ಇರಬಹುದು. ಎಕ್ಸ್‌ರೇ ನಾನೂ ನೋಡಿದೀನಿ. ಆದ್ರೆ ಸರಿ ಅಂತ ನನ್ನ ಬಾಯಲ್ಲಿ ಬರಲ್ಲ. ಹಾಗಂದುಬಿಟ್ರೆ... ಅಷ್ಟು ವರ್ಷ ನಾನು ಮಾಡಿದ್ದೇನು? ಹೇಳು. ಓದಿದವಳಲ್ವಾ ನೀನು. ನಾನು ಮಾಡಿದ್ದೇನು?"

"ಮಾತಾಡಬೇಡ, ದಮ್ಮು ಹತ್ತುತ್ತೆ" ಎಂದು ನಳಿಗೆ ಸರಿಮಾಡಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಉತ್ತರ ಇನ್ನೂ ಬರುತ್ತದೇನೋ ಎಂಬಂತೆ.

ಏಪ್ರಿಲ್ 24

ಅಣ್ಣ ಹೋದ. ಬೆಳಿಗ್ಗೆ. ನಾನು ನೀರು ಕಾಯಿಸುತ್ತಿದ್ದೆ.

ಏಪ್ರಿಲ್ 25

ಮಿಷನ್ನನ್ನು ಯಾರೋ ಆರಿಸಿದ್ದಾರೆ. ಮನೆಯಲ್ಲಿ ಇಷ್ಟು ನಿಶ್ಶಬ್ದವಿತ್ತೆಂದು ಗೊತ್ತಿರಲಿಲ್ಲ.

ಮೇ 3

ಅವನನ್ನು ಹೊತ್ತವರು ಪ್ಲಾಂಟಿನವರು. ನನ್ನ ಅಂಗಡಿಯ ಮುಂದೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದವರೇ ಅವತ್ತು ಬಂದು ಹೆಗಲು ಕೊಟ್ಟರು. ಟೀಚರು ಅತ್ತಿಗೆಯ ತೋಳು ಹಿಡಿದು ನಡೆದಳು. ವಕೀಲರು ಬಂದಿದ್ದರು. ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಎಲ್ಲ ಮುಗಿದ ಮೇಲೆ ಫೋರ್ಮನ್ ನನ್ನ ಹತ್ತಿರ ಬಂದು ಬಹಳ ಹೊತ್ತು ಚಪ್ಪಲಿಯಲ್ಲಿ ನೆಲ ಕೆರೆದ.

"ನಗರಸಭೆಗೆ ಕರ್ಕೊಂಡು ಬರಬಾರದಿತ್ತು ಮೇಡಂ. ಡಾಕ್ಟ್ರು ಬೇಡ ಅಂದಿದ್ರಂತೆ. ಅಣ್ಣಾವ್ರು ಹಟ ಮಾಡಿದ್ರು."

"ಬರದೇ ಇದ್ದಿದ್ರೆ ಅವನ ಮಾತು ಅವನ ಹೊಟ್ಟೇಲೇ ಉಳೀತಿತ್ತು. ಒಳ್ಳೇದೇ ಮಾಡಿದ್ರಿ" ಎಂದೆ.

ಅಷ್ಟು ದೊಡ್ಡ ಆಳು ಬಿಕ್ಕಿದ. ಬಿಕ್ಕಿನ ನಡುವೆ ಕೆಮ್ಮು ಬಂತು. ನನ್ನ ಕಿವಿಗೆ ಗುರುತಿರುವ ಕೆಮ್ಮು.

ಮೇ 19

ಅತ್ತಿಗೆ ನನ್ನ ಜೊತೆ ಮಾತಾಡುತ್ತಿಲ್ಲ. ಜಗಳವೇನಿಲ್ಲ. ನನ್ನ ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿಟ್ಟು ಒಳಗೆ ಹೋಗುತ್ತಾಳೆ.

ಇವತ್ತು ನಾನೇ ಬಾಗಿಲಲ್ಲಿ ನಿಂತು ಕೇಳಿದೆ. ಅವಳು ಅಣ್ಣನ ಅಂಗಿ ಮಡಿಸುತ್ತಿದ್ದಳು.

"ನೀನು ತಪ್ಪು ಅಂತ ನಾನೆಲ್ಲಿ ಅಂದೆ?" ಎಂದಳು. "ನಾನೇ ಒಗೆದ ಬಟ್ಟೆಗಳು ಇವು, ಬೂದಿ ನನಗೆ ಗೊತ್ತಿಲ್ವಾ? ಆದ್ರೆ ಫೆಬ್ರವರಿ ಪೂರ್ತಿ ನೀನು ಊರಿನ ಉಸಿರಿನ ಬಗ್ಗೆ ಬರೀತಾ ಕೂತಿದ್ದೆ. ಗೋಡೆಯ ಈ ಕಡೆ ಇವರ ಉಸಿರು ನಾನೊಬ್ಬಳೇ ಕೇಳಿಸಿಕೊಂಡೆ."

ಅಂಗಿಯ ಇನ್ನೊಂದು ತುದಿ ಹಿಡಿದುಕೊಂಡೆ. ಅವಳು ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಎಲ್ಲವನ್ನೂ ಮಡಿಸಿದೆವು.

ಮೇ 30

ಟೀಚರು ನನ್ನನ್ನು ತನ್ನ ಪಕ್ಷಕ್ಕೆ ಕರೆದಳು. "ಅಲ್ಲಿ ನಿಮಗೆ ಏನಿದೆ ಇನ್ನು?"

"ಗೊತ್ತಿಲ್ಲ. ಆದ್ರೆ ನಾನು ಹಳೇ ಕಾಲದವಳು ಕಣೇ. ಮನೆ ಸೋರ್ತಿದೆ ಅಂತ ಮನೆ ಬಿಟ್ಟು ಹೋಗೋಳಲ್ಲ, ಹತ್ತಿ ಹೆಂಚು ಸರಿಮಾಡೋಳು."

ಅವಳು ನಕ್ಕಳು, ಬಲವಂತ ಮಾಡಲಿಲ್ಲ. ಹೋಗುವಾಗ ನಾನು ಕೊಟ್ಟ ಮಾತ್ರೆಗಳನ್ನು ಅಂಗೈಯಲ್ಲಿ ಇಸಿದುಕೊಂಡಳು.

ಜೂನ್ 8

ಚುನಾವಣಾ ಪ್ರಣಾಳಿಕೆಯ ಬಗ್ಗೆ ಪಕ್ಷದ ಸಭೆ. ಕರೆದಿರಲಿಲ್ಲ, ಸದಸ್ಯತ್ವ ಇನ್ನೂ ಇದೆಯಲ್ಲ ಎಂದು ಹೋದೆ. ಯಾರೂ ಕುರ್ಚಿ ಸರಿಸಲಿಲ್ಲ, ಗೋಡೆಗೆ ಒರಗಿ ನಿಂತೆ. ಕೊನೆಗೆ ವಕೀಲರೇ, "ಏನಮ್ಮ, ಹೇಳೋದಿದೆಯಾ? ಬೇಗ ಮುಗಿಸು" ಎಂದರು.

ಕಾಗದ ತಂದಿರಲಿಲ್ಲ. ತತ್ವ, ಹೊಣೆ ಇತ್ಯಾದಿ ಹೇಳಬೇಕೆಂದೇ ಬಾಯಿ ತೆರೆದದ್ದು. ಬಂದದ್ದು ಅಣ್ಣನ ವಿಷಯ. ಮೀಸೆ ಬರುವ ಹೊತ್ತಿಗೆ ಕೆಲಸಕ್ಕೆ ಹೋದದ್ದು, ಮಸಿ ಮೆತ್ತಿದ ಕೈಯಲ್ಲೇ ನನ್ನ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟದ್ದು, ಮಾರ್ಚ್ ತಿಂಗಳ ಆ ಮಧ್ಯಾಹ್ನ ಅವನ ತುಟಿಯ ಬಣ್ಣ. ಹೇಳುತ್ತ ಹೇಳುತ್ತ ಇದ್ದಕ್ಕಿದ್ದಂತೆ ಈ ಮಾತು ಬಂತು:

"ನನ್ನ ಅಣ್ಣ ಮಾಡಿದ್ದು ಒಳ್ಳೇ ಕೆಲಸ. ಈ ಊರನ್ನ ಸಾಕಿದ ಕೆಲಸ. ಒಳ್ಳೇ ಕೆಲಸಕ್ಕೂ ಮುಗಿಯೋ ದಿನ ಅಂತ ಒಂದಿರುತ್ತೆ. ಮುಗೀತು ಅಂದಮಾತ್ರಕ್ಕೆ ಅದು ಕೆಟ್ಟದಾಗಲ್ಲ. ಮುಗಿಸದೆ ಎಳೆದಾಡಿದ್ರೆ ಮಾತ್ರ ಕೆಡುತ್ತೆ. ಅವನಂಥವರಿಗೆ ಮರ್ಯಾದೆ ಕೊಡೋಣ. ಕೊಟ್ಟು, ಬೆಂಕಿ ಆರಿಸೋಣ."

ಯಾರೂ ನಗಲಿಲ್ಲ. ವಕೀಲರು ಕನ್ನಡಕ ತೆಗೆದರು, ಒರೆಸಲಿಲ್ಲ. "ಇದು ಪ್ರಣಾಳಿಕೆಗೆ ಬರಲ್ಲಮ್ಮ ಈ ಸಲ" ಎಂದರು ನಿಧಾನವಾಗಿ. ಹಿಂದಿನ ಸಾಲಿನಿಂದ ಫೋರ್ಮನ್ ಎದ್ದುನಿಂತ.

"ಆ ಮಾತು ಇನ್ನೊಂದ್ಸಲ ಹೇಳಿ ಮೇಡಂ."

ಹೇಳಿದೆ. ಅವನು ತಲೆಯಾಡಿಸಿ ಕೂತ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ಕೂತಿದ್ದಳು. ಏನಾಯಿತೆಂದು ತಾನಾಗಿ ಕೇಳಿದಳು, ಇಷ್ಟು ದಿನಗಳಲ್ಲಿ ಮೊದಲ ಸಲ. ಸಭೆಯಲ್ಲಿ ಹೇಳಿದ್ದನ್ನೇ ಅವಳಿಗೂ ಹೇಳಿದೆ.

ಅವಳು ಅಣ್ಣನ ಮಂಚದ ಕಡೆ ತಿರುಗಿ, "ಇವರಿಗೆ ಹೇಳಿದ್ಯಾ ಇದನ್ನ?" ಎಂದಳು.

"ಇಲ್ಲ ಅತ್ತಿಗೆ. ನಾನು ಮಾಡಿದ್ದೇನು ಅಂತ ಅಣ್ಣ ಕೇಳಿದ್ದ. ಆಗ ನನಗೆ ಗೊತ್ತಿರಲಿಲ್ಲ."

ಅವಳು ಎದ್ದಳು. ನನ್ನ ತಟ್ಟೆಯ ಮೇಲೆ ಮುಚ್ಚಿದ್ದ ತಟ್ಟೆಯನ್ನು ತೆಗೆದು, ಅದರಲ್ಲೇ ತನಗೂ ಬಡಿಸಿಕೊಂಡು, ಎದುರು ಕೂತಳು.